ಚಲಾವಣೆಗೆ ಬಾರದ ನಾಣ್ಯಗಳ ಪರವಾಗಿ



ನಾಣ್ಯ ಮೇಳಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಚಿನ್ನ, ಬೆಳ್ಳಿಯ ಕಡೆಗೆ. ನಾನಿಂದು ಮಾತಾಡಬೇಕೆಂದಿರುವುದು ಮಾದರಿ ನಾಣ್ಯಗಳ ಬಗ್ಗೆ, ಅಚ್ಚನ್ನು ಪರೀಕ್ಷಿಸಲೆಂದೇ ಒತ್ತಿ ನೋಡಿದ ಬಿಲ್ಲೆಗಳ ಬಗ್ಗೆ.

ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು 1964ರಲ್ಲಿ ನೆಹರೂ ಅವರ ನೆನಪಿಗೆ ಬಂದವು. 2006ರಲ್ಲಿ ನಮ್ಮ ಬಸವಣ್ಣನವರ ನಾಣ್ಯ ಬಂತು. ಇಂಥ ಮುಖವೊಂದು ಲೋಹದಲ್ಲಿ ಮೂಡಬೇಕಾದರೆ ಕಲಾವಿದರ ಕಲ್ಪನೆಯನ್ನು ನಾಣ್ಯದಳತೆಗೆ ಇಳಿಸಬೇಕು, ಉಕ್ಕಿನ ಅಚ್ಚು ಮಾಡಬೇಕು, ಒತ್ತಿ ನೋಡಬೇಕು. ಕೆನ್ನೆಯ ಉಬ್ಬು ಅತಿಯಾದರೆ ಲೋಹವೆಲ್ಲ ಆ ಕಡೆ ಸರಿದು, ಹಿಂಬದಿಯ ಅಕ್ಷರಗಳು ತುಂಬದೆ ಉಳಿಯುತ್ತವೆ. ಕಾಗದದ ಮೇಲೆ ಇದು ಕಾಣುವುದಿಲ್ಲ.

ಅಮೆರಿಕದ 1907ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯವನ್ನೇ ನೋಡಿ. ಪ್ರಾಚೀನ ಗ್ರೀಕ್ ನಾಣ್ಯಗಳಂಥ ಉಬ್ಬು ಬೇಕೆಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಟ ಹಿಡಿದರು. ಶಿಲ್ಪಿ ಅಗಸ್ಟಸ್ ಸೇಂಟ್ ಗಾಡನ್ಸ್ ರೂಪಿಸಿದರು. ಮೊದಲ ಮಾದರಿಗಳಿಗೆ ಪದಕ ಒತ್ತುವ ಯಂತ್ರದಲ್ಲಿ ಒಂಬತ್ತರವರೆಗೂ ಪೆಟ್ಟು ಬೇಕಾಯಿತು; ನಡುನಡುವೆ ಬಿಲ್ಲೆಯನ್ನು ಕಾಯಿಸಿ ಮೆದು ಮಾಡಬೇಕಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಶಿಲ್ಪಿ ತೀರಿಕೊಂಡರು. ಉಬ್ಬು ತಗ್ಗಿಸಿದರೂ ಮೂರು ಪೆಟ್ಟು ಬೇಕಾಯಿತು. ಕೊನೆಗೆ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಅದನ್ನು ಇನ್ನಷ್ಟು ತಗ್ಗಿಸಿದ ಮೇಲೆಯೇ ಒಂದೇ ಪೆಟ್ಟಿಗೆ ನಾಣ್ಯ ಬಂತು. ಕಲೆಯನ್ನು ಕೆಡಿಸಿದನೆಂದು ಬಾರ್ಬರ್‌ನನ್ನು ಬೈಯುವವರಿದ್ದಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ. ಲಕ್ಷಗಟ್ಟಲೆ ಒತ್ತಬೇಕಾದವನು, ಬ್ಯಾಂಕಿನಲ್ಲಿ ಒಂದರ ಮೇಲೊಂದು ನಿಲ್ಲುವಂತೆ ಮಾಡಬೇಕಾದವನು ಅವನು. 2009ರಲ್ಲಿ ಅಮೆರಿಕದ ಟಂಕಸಾಲೆ ಅದೇ ಉಬ್ಬನ್ನು ಮತ್ತೆ ತಂದಾಗ, ನಾಣ್ಯದ ಅಗಲ ಕಡಿಮೆ ಮಾಡಿ ದಪ್ಪ ಹೆಚ್ಚಿಸಬೇಕಾಯಿತು.

ಒತ್ತಿ ನೋಡಿದ ಮಾತ್ರಕ್ಕೆ ಎಲ್ಲ ತಪ್ಪೂ ಸಿಗುವುದಿಲ್ಲ. 1911ರಲ್ಲಿ ಐದನೆಯ ಜಾರ್ಜ್‌ನ ಬೆಳ್ಳಿ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿನ ಪುಟ್ಟ ಆನೆ ನಮ್ಮ ಜನರಿಗೆ ಹಂದಿಯಂತೆ ಕಂಡಿತು. ಆಕ್ಷೇಪವೆದ್ದಿತು. ನಾಣ್ಯ ಹಿಂದಕ್ಕೆ ಹೋಯಿತು, ಮರುವರ್ಷ ಆನೆಯನ್ನು ತಿದ್ದಿದರು. ನಾಣ್ಯ ಚಲಾವಣೆಗೆ ಬರುವ ಮೊದಲೇ ಈ ನೆಲದ ನಾಲ್ಕು ಜನರ ಕೈಗೆ ಮಾದರಿಯನ್ನು ಕೊಟ್ಟು ಕೇಳಿದ್ದರೆ!

ಸಂಗ್ರಾಹಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಾದರಿ ಬಿಲ್ಲೆ ಕೈಗೆ ಬಂದರೆ ಉಜ್ಜಿ ಹೊಳಪು ಕೊಡಬೇಡಿ. ಅದು ಯಾವ ಹಂತದ್ದು, ಯಾರಿಂದ ಬಂತು ಎಂದು ಬರೆದಿಡಿ. ಮಕ್ಕಳೇ, ಮಸೂರ ಕೇಳಿ ಪಡೆಯಿರಿ; ಮಾದರಿಗೂ ಚಲಾವಣೆಗೆ ಬಂದ ನಾಣ್ಯಕ್ಕೂ ಏನು ವ್ಯತ್ಯಾಸವೆಂದು ನೀವೇ ಹುಡುಕಿ. ಈ ಮೇಳವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಎಲ್ಲರೂ ಒಳಗೆ ಬನ್ನಿ.