ಕೆಸರಿಗೆ ಸಿಕ್ಕ ಚಕ್ರ: ಡಿಫರೆನ್ಷಿಯಲ್ ಲಾಕ್ ಆರಿಸುವ ಬಗೆ

ಮಳೆ ಹಿಡಿದ ಮೇಲೆ ನಮ್ಮ ಕಡೆ ಮೇಲಿಂದ ಮೇಲೆ ಕಾಣುವ ಒಂದು ನೋಟ ಉಂಟು. ಹೊಲದ ಮೂಲೆಯಲ್ಲಿ ಟ್ರ್ಯಾಕ್ಟರು ನಿಂತಿದೆ. ಒಂದು ಹಿಂಚಕ್ರ ಕೆಸರು ಎರಚುತ್ತಾ ಗಿರ್ರನೆ ಸುತ್ತುತ್ತಿದೆ; ಇನ್ನೊಂದು ಗಟ್ಟಿ ನೆಲದ ಮೇಲೆ ಕಲ್ಲಿನ ಹಾಗೆ ಸುಮ್ಮನೆ ಕೂತಿದೆ. ನಾಲ್ಕು ಜನ ನೂಕುತ್ತಾರೆ. ಡ್ರೈವರು ಇನ್ನೂ ಜೋರು ಮಾಡುತ್ತಾನೆ. ಚಕ್ರ ಇನ್ನೊಂದು ಗೇಣು ಹೂಳುತ್ತದೆ. “ಇಷ್ಟು ಶಕ್ತಿಯ ಗಾಡಿ, ಗಟ್ಟಿ ನೆಲದ ಚಕ್ರವಾದರೂ ಯಾಕೆ ಎಳೆಯೋದಿಲ್ಲ?” ಎಂದು ಕೇಳುವುದು ನ್ಯಾಯವೇ.

ಇದಕ್ಕೆ ಉತ್ತರ ನಮ್ಮ ಕಣದಲ್ಲೇ ಇದೆ. ಹಿಂದೆ ಮೇಟಿಗೆ ದನಗಳನ್ನು ಸಾಲಾಗಿ ಕಟ್ಟಿ ತುಳಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಮೇಟಿಯ ಪಕ್ಕದ ದನ ಸಣ್ಣ ಹೆಜ್ಜೆ ಹಾಕಿದರೆ ಸಾಕು. ಹೊರಗಡೆಯದು ಬೀಸು ಹೆಜ್ಜೆ ಹಾಕಲೇಬೇಕು. ಗಾಡಿ ತಿರುಗುವಾಗಲೂ ಹಾಗೆಯೇ. ಹಿಂಚಕ್ರಗಳ ನಡುವೆ ನಾಲ್ಕೂವರೆ ಅಡಿ ಅಂತರವಿದ್ದರೆ, ಸಾಲಿನ ಕೊನೆಯಲ್ಲಿ ಅರ್ಧ ಸುತ್ತು ಹೊಡೆಯುವಷ್ಟರಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 14 ಅಡಿ ಹೆಚ್ಚು ಓಡಬೇಕು. ಆ ಸಡಿಲ ಕೊಡುವ ಹಲ್ಲುಚಕ್ರಗಳ ಗುಂಪೇ ಡಿಫರೆನ್ಷಿಯಲ್.

ಅದರಲ್ಲಿ ಒಂದು ಕೊರತೆ ಉಂಟು. ಅದು ಎರಡು ಚಕ್ರಕ್ಕೂ ಬಲವನ್ನು ಸರಿಸಮನಾಗಿಯೇ ಹಂಚುತ್ತದೆ. ಕೆಸರಿನ ಚಕ್ರಕ್ಕೆ ಹಿಡಿತವಿಲ್ಲ, ಅದನ್ನು ತಿರುಗಿಸಲು ಅಲ್ಪ ಬಲ ಸಾಕು. ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯ ಹಾಗೆ ಗಾಡಿ ಇದ್ದಲ್ಲೇ ಉಳಿಯುತ್ತದೆ. ಎರಡು ಚಕ್ರಗಳನ್ನೂ ಒಂದೇ ನೊಗಕ್ಕೆ ಬಿಗಿದ ಹಾಗೆ ಜೋಡಿಸುವ ಸಾಧನವೇ ಡಿಫರೆನ್ಷಿಯಲ್ ಲಾಕ್. ಆಗ ಎರಡೂ ಒಂದೇ ವೇಗದಲ್ಲಿ ತಿರುಗಿ, ಹಿಡಿತವಿರುವ ಚಕ್ರ ಗಾಡಿಯನ್ನು ಮುಂದಕ್ಕೆ ತರುತ್ತದೆ.

ಹಾಗಾದರೆ ಯಾವ ಬಗೆಯ ಲಾಕ್ ಕೊಳ್ಳಬೇಕು? ಮೊದಲು ನಿಮ್ಮ ನೆಲವನ್ನು ನೋಡಿಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ.

ಹಾಸನದ ಆಲೂಗೆಡ್ಡೆ ಹೊಲಗಳ ಕೆಂಪು ಮಣ್ಣು ಮೇಲೆ ನೆನೆದರೂ ಅಡಿಯಲ್ಲಿ ಗಟ್ಟಿ. ನೇಗಿಲು ಹೂಡಿದಾಗ ಒಂದು ಚಕ್ರ ಸಾಲಿನೊಳಗೆ, ಇನ್ನೊಂದು ದಿಣ್ಣೆಯ ಮೇಲೆ ಓಡುತ್ತದೆ. ಭಾರ ಕಡಿಮೆ ಬಿದ್ದ ಚಕ್ರ ಜಾರುತ್ತದೆ. ಇಲ್ಲಿ ಟ್ರ್ಯಾಕ್ಟರಿನ ಕಾಲ್ಪೆಡಲಿನ ಲಾಕ್ ಸಾಕು. ಈಗಿನ ಟ್ರ್ಯಾಕ್ಟರುಗಳಲ್ಲಿ ಇದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪ್ರತ್ಯೇಕ ಹಣ ಕೊಡಬೇಕಾಗಿಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟ, ರಾಗಿ ಹೊಲಗಳಿಗೂ, ಕೆರೆಗೋಡು ಹೊಡೆಯುವವರಿಗೂ ಇದೇ ಮಾತು.

ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಹೇಮಾವತಿಯ ನಾಲೆ ನೀರು ಹರಿದ ಕಡೆಗಳಲ್ಲಿ, ಹೊಳೆನರಸೀಪುರದಂಥ ಸೀಮೆಯಲ್ಲಿ, ಮಾತು ಬೇರೆ. ನೀರು ಕಟ್ಟಿದ ಗದ್ದೆಯಲ್ಲಿ ಎರಡು ಚಕ್ರವೂ ಕೆಸರಿನಲ್ಲೇ ಇರುತ್ತವೆ. ಹಿಡಿತವೇ ಇಲ್ಲದ ಎರಡು ಚಕ್ರಗಳನ್ನು ಬಿಗಿದರೆ ಬಂದ ಲಾಭವೇನು? ಎರಡೂ ಕೂಡಿ ಹೂಳುತ್ತವೆ. ಅಲ್ಲಿ ಬೇಕಾದ್ದು ಕಬ್ಬಿಣದ ಕೇಜ್ ವೀಲ್. ಬದುವಿನ ಮೇಲೆ ಹತ್ತುವಾಗ, ಕಾಲುವೆ ಅಂಚಿಗೆ ಒಂದೇ ಚಕ್ರ ಇಳಿದಾಗ ಮಾತ್ರ ಲಾಕ್ ಕೆಲಸಕ್ಕೆ ಬಂದೀತು.

ಅರಕಲಗೂಡಿನ ಪಡುವಣ ಭಾಗ ಮಲೆನಾಡಿನ ಸೆರಗು. ಇಳಿಜಾರು, ಕೊರಕಲು ದಾರಿ, ಜಾರುವ ಮಣ್ಣು. ಅಲ್ಲಿ ತೋಟಕ್ಕೆ ಜೀಪು ಇಡುವವರು ಒಂದು ಸಂಗತಿ ತಿಳಿದಿರಬೇಕು: ನಾಲ್ಕು ಚಕ್ರಕ್ಕೂ ಎಳೆತವಿದೆ ಎಂದ ಮಾತ್ರಕ್ಕೆ ಲಾಕ್ ಇದೆ ಎಂದಲ್ಲ. ಮುಂದಿನದೊಂದು, ಹಿಂದಿನದೊಂದು ಚಕ್ರ ಜಾರಿದರೆ ಫೋರ್‌ವೀಲ್ ಜೀಪೂ ನಿಂತುಬಿಡುತ್ತದೆ.

ಇಂಥ ಗಾಡಿಗಳಲ್ಲಿ ಮೂರು ಬಗೆ ನೋಡಿ. ಒಂದು, ಜಾರುವ ಚಕ್ರಕ್ಕೆ ತಾನಾಗಿ ಬ್ರೇಕು ಹಿಡಿದು ಇನ್ನೊಂದಕ್ಕೆ ಬಲ ದಾಟಿಸುವುದು; 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯಲ್ಲಿ ಈ ಏರ್ಪಾಡಿದೆ. ಇದು ನಿಜವಾದ ಲಾಕ್ ಅಲ್ಲ, ಆದರೂ ಸಾಧಾರಣ ಕೆಸರಿಗೆ ಒದಗುತ್ತದೆ. ಎರಡು, ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ಜೋರಾಗಿ ಸುತ್ತಿದಾಗ ತಾನೇ ಬಿಗಿದುಕೊಳ್ಳುವ ಹಿಂದಿನ ಲಾಕ್. ಥಾರ್ ಜೀಪಿನ ಕೆಲವು ಮಾದರಿಗಳಲ್ಲಿ ಬಂದದ್ದು ಇದು. ಚಾಲಕ ಏನನ್ನೂ ಒತ್ತಬೇಕಾಗಿಲ್ಲ. ಆದರೆ ಚಕ್ರ ಸ್ವಲ್ಪ ಜಾರಿದ ಮೇಲೆಯೇ ಹಿಡಿಯುತ್ತದೆ. ಮೂರು, ಚಾಲಕನೇ ಬೇಕೆಂದಾಗ ಹಾಕಿ ತೆಗೆಯುವುದು. ಗೂರ್ಖಾ ಗಾಡಿಯಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಇದೆ. ಇದು ಎಲ್ಲಕ್ಕಿಂತ ಬಲವಾದದ್ದು, ಕೈ ಪಳಗಿದವರಿಗೆ ಮಾತ್ರ ಒಪ್ಪುವಂಥದ್ದು. ಮುಂದಿನ ಲಾಕ್ ಹಾಕಿದರೆ ಸ್ಟಿಯರಿಂಗು ಭಾರವಾಗಿ ಗಾಡಿ ನೆಟ್ಟಗೇ ಹೋಗಲು ನೋಡುತ್ತದೆ. ಮನೆಯಲ್ಲಿ ಮೂರು ಜನ ಓಡಿಸುವ ಗಾಡಿಯಾದರೆ ತಾನೇ ಹಿಡಿದು ತಾನೇ ಬಿಡುವುದು ಲೇಸು. ವರ್ಷಕ್ಕೆ ನಾಲ್ಕು ದಿನ ಮಾತ್ರ ಕೆಸರು ಕಾಣುವವರು ಲಾಕಿಗೆ ಹಣ ಸುರಿಯುವ ಬದಲು ಒಳ್ಳೆಯ ಟೈರು ಹಾಕಿಸಲಿ.

ಹಳೆಯ ಟ್ರ್ಯಾಕ್ಟರು ಕೊಳ್ಳುವವರು ಲಾಕ್ ಪರೀಕ್ಷೆ ಮಾಡಿಯೇ ಮುಂಗಡ ಕೊಡಿ. ಸಮನೆಲದಲ್ಲಿ ಎಂಜಿನ್ ನಿಲ್ಲಿಸಿ, ಉಳಿದ ಚಕ್ರಗಳಿಗೆ ಭದ್ರವಾಗಿ ಅಡ್ಡಗಲ್ಲು ಕೊಟ್ಟು, ಒಂದು ಹಿಂಚಕ್ರವನ್ನು ಜಾಕಿಯಿಂದ ಎತ್ತಿ ಕೆಳಗೆ ದಿಮ್ಮಿ ಆನಿಸಿ. ಗೇರು ನ್ಯೂಟ್ರಲಿನಲ್ಲಿರಲಿ, ಬ್ರೇಕು ಬಿಟ್ಟಿರಲಿ. ಎತ್ತಿದ ಚಕ್ರ ಕೈಯಲ್ಲಿ ತಿರುಗುತ್ತದೆ. ಇನ್ನೊಬ್ಬರು ಲಾಕ್ ಪೆಡಲ್ ಒತ್ತಲಿ. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ಹಲ್ಲು ಕೂಡಿಕೊಂಡು ಅದು ನಿಲ್ಲಬೇಕು. ಪೆಡಲ್ ಬಿಟ್ಟರೆ ಮತ್ತೆ ತಿರುಗಬೇಕು. ನಿಲ್ಲದಿದ್ದರೆ ಹಲ್ಲು ಸವೆದಿರಬಹುದು. ಬಿಡದಿದ್ದರೆ ಅದು ಇನ್ನೂ ಅಪಾಯ.

ಬಳಸುವಾಗ ಮೂರು ನೇಮ. ಚಕ್ರ ಗಿರಗಿರನೆ ಸುತ್ತುತ್ತಿರುವಾಗ ಲಾಕ್ ಒತ್ತಬೇಡಿ, ಹಲ್ಲು ಮುರಿದೀತು. ಕ್ಲಚ್ ಒತ್ತಿ, ಚಕ್ರ ನಿಂತ ಮೇಲೆ ಲಾಕ್ ಒತ್ತಿ, ಮೆಲ್ಲಗೆ ಕ್ಲಚ್ ಬಿಡಿ. ಎರಡನೆಯದು, ಲಾಕ್ ಇರುವಾಗ ನೆಟ್ಟಗೆ ಹೋಗಿ. ತಿರುಗಿಸಲೂ ಬೇಡಿ, ಒಂದೇ ಕಡೆಯ ಬ್ರೇಕನ್ನು ತುಳಿಯಲೂ ಬೇಡಿ. ಮೂರನೆಯದು, ಕೆಸರು ದಾಟಿದೊಡನೆ ಬಿಟ್ಟುಬಿಡಿ. ಡಾಂಬರು ರಸ್ತೆಯಲ್ಲಿ ಲಾಕ್ ಹಾಕಿ ಓಡಿಸಿದರೆ ಟೈರು ಸವೆಯುತ್ತದೆ, ಆಕ್ಸಲ್ ಮುರಿಯುವುದೂ ಉಂಟು, ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. ಓರೆ ಇಳಿಜಾರಿನಲ್ಲಿ ಎರಡು ಚಕ್ರವೂ ಒಟ್ಟಿಗೆ ಜಾರಿ ಹಿಂಭಾಗ ಕೆಳಕ್ಕೆ ಸರಿದೀತು.

ಇನ್ನೊಂದು ಮಾತು ಜೀವದ ವಿಷಯ. ಲಾಕ್ ಹಾಕಿದರೂ ಗಾಡಿ ಅಲುಗದಿದ್ದರೆ ಕೆಲವರು ಹಿಂಚಕ್ರಕ್ಕೆ ಮರದ ದಿಮ್ಮಿ ಕಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಕ್ರ ತಿರುಗಲಾರದೆ ಸಿಕ್ಕಿಕೊಂಡಾಗ ಎಂಜಿನ್ನಿನ ಬಲ ಟ್ರ್ಯಾಕ್ಟರಿನ ಮೂತಿಯನ್ನೇ ಮೇಲೆತ್ತುತ್ತದೆ. ಗಾಡಿ ಹಿಂದಕ್ಕೆ ಮಗುಚಲು ಎರಡು ಸೆಕೆಂಡು ಕೂಡ ಬೇಡ. ಕೆಳಗೆ ಸಿಕ್ಕಿದವನು ಉಳಿಯುವುದು ಕಷ್ಟ. ಮೊದಲು ಚಕ್ರದ ಹಿಂದಿನ ಮಣ್ಣು ತೋಡಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಲು ನೋಡಿ. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರು ಕರೆಸಿ, ಸರಪಣಿಯನ್ನು ಕೆಳಗಿನ ಕೊಂಡಿಗೇ ಹಾಕಿಸಿ. ಹತ್ತಿರ ಯಾರೂ ನಿಲ್ಲದಿರಲಿ. ತಾಯಂದಿರೇ, ಮಡ್‌ಗಾರ್ಡಿನ ಮೇಲೆ ಮಕ್ಕಳು ಕೂತಿದ್ದರೆ ಮೊದಲು ಅವರನ್ನು ಇಳಿಸಿಕೊಳ್ಳಿ.

ಕೈ ಕೆಸರಾದರೆ ಬಾಯಿ ಮೊಸರು, ನಿಜ. ಆದರೆ ಕೆಸರಿಗೆ ಇಳಿದ ಮನೆಯ ಮಗ ಸಂಜೆಗೆ ಮನೆ ಸೇರಿದರೆ ತಾನೇ ಆ ಮೊಸರಿಗೆ ರುಚಿ? ನೆಲ ನೋಡಿ ಲಾಕ್ ಆರಿಸಿ, ನೆಟ್ಟಗೆ ಬಳಸಿ, ದಾಟಿದೊಡನೆ ಬಿಡಿ. ಬಾರದ ಗಾಡಿಯನ್ನು ಬಲವಂತ ಮಾಡಬೇಡಿ.