ಗ್ರಾಫಿಕ್ಸ್ ಕಾರ್ಡಿನ ವಿವರಪಟ್ಟಿಯನ್ನು ಕೆಳಗಿನಿಂದ ಓದೋಣ

(ಶಿರಾಳಕೊಪ್ಪದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಹಾಗೂ ಕೃಷಿಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ನೀರು, ಮಣ್ಣಿನ ಕುರಿತು ಮಾತನಾಡುವ ಈ ವೇದಿಕೆಯಲ್ಲಿ ಕಂಪ್ಯೂಟರಿನೊಳಗಿನ ಒಂದು ಬಿಡಿಭಾಗದ ವಿಚಾರವೇಕೆ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಎರಡು ಕಾರಣಗಳಿವೆ. ಕೃತಕ ಬುದ್ಧಿಮತ್ತೆ ಎಂಬ ಹೆಸರಿನಲ್ಲಿ ಇಂದು ಜಗತ್ತಿನಾದ್ಯಂತ ನಡೆಯುತ್ತಿರುವ ಲೆಕ್ಕಾಚಾರದ ಬಹುಪಾಲು ಭಾರವನ್ನು ಹೊರುತ್ತಿರುವುದು ಸರ್ವರ್ ಗ್ರಾಫಿಕ್ಸ್ ಕಾರ್ಡ್ ಎಂಬ ಈ ಸಣ್ಣ ಹಲಗೆ. ಅದರ ಆಹಾರ ವಿದ್ಯುತ್ತು. ವಿದ್ಯುತ್ತು ಎಲ್ಲಿಂದ ಬರುತ್ತದೆ, ಯಾರ ಮನೆ ಮುಳುಗಿಸಿ ಬರುತ್ತದೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇದು ಮೊದಲನೆಯ ಕಾರಣ. ಕಾಡಿನ ಕ್ಯಾಮೆರಾ ಚಿತ್ರಗಳನ್ನು ವಿಂಗಡಿಸಲು, ಹಕ್ಕಿಗಳ ಕೂಗನ್ನು ಗುರುತಿಸಲು, ಉಪಗ್ರಹ ಚಿತ್ರಗಳಲ್ಲಿ ಹಸಿರಿನ ಏರಿಳಿತ ನೋಡಲು ಬಳಸುವ ಉಪಕರಣವೂ ಇದೇ. ನಾಳೆ ನಮ್ಮ ಕಾಲೇಜಿಗೋ, ಸಹಕಾರ ಸಂಘಕ್ಕೋ ಇದರ ದರಪಟ್ಟಿ ಬಂದಾಗ ಅದನ್ನು ಓದಿ, ಬೇಕೇ ಬೇಡವೇ ಎಂದು ತೀರ್ಮಾನಿಸುವ ಸಾಮರ್ಥ್ಯ ನಮ್ಮಲ್ಲಿರಬೇಕು. ಇದು ಎರಡನೆಯದು.

ಬಳ್ಳಿಗಾವಿಯ ದಾನಶಾಸನಗಳು ನಮ್ಮ ಪಕ್ಕದಲ್ಲೇ ಇವೆ. ಅವುಗಳಲ್ಲಿ ಅರಸನ ಬಿರುದಾವಳಿ ಮೊದಲು ಬರುತ್ತದೆ. ಎಷ್ಟು ಭೂಮಿ, ಅದರ ಎಲ್ಲೆ ಯಾವುದು ಎಂಬ ಸಂಗತಿ ಬಹಳ ಸಾಲುಗಳ ನಂತರ ಬರುತ್ತದೆ. ಇತಿಹಾಸ ಬಲ್ಲವರು ಬಿರುದುಗಳಿಗೆ ಮರುಳಾಗದೆ ಎಲ್ಲೆಯ ಸಾಲುಗಳಲ್ಲಿ ನಿಲ್ಲುತ್ತಾರೆ. ಕಾರ್ಡಿನ ವಿವರಪಟ್ಟಿಯೂ ಹಾಗೆಯೇ. ವೇಗದ ದೊಡ್ಡ ಅಂಕಿಗಳು ಮೇಲೆ, ದೊಡ್ಡ ಅಕ್ಷರದಲ್ಲಿ. ವಿದ್ಯುತ್ತು, ತಂಪು, ಗಾತ್ರದ ಸಾಲುಗಳು ಸಾಮಾನ್ಯವಾಗಿ ಕೆಳಗೆ. ಆದ್ದರಿಂದ ಇದನ್ನು ಕೆಳಗಿನಿಂದ ಓದಬೇಕೆಂಬುದೇ ಈ ಉಪನ್ಯಾಸದ ಸಾರ. ಉದಾಹರಣೆಗಾಗಿ ಎನ್ವಿಡಿಯಾ ಕಂಪನಿಯು 2023ರಲ್ಲಿ ಹೊರತಂದ ಎಲ್40ಎಸ್ ಎಂಬ ಕಾರ್ಡನ್ನು ತೆಗೆದುಕೊಳ್ಳೋಣ.

ಇದು ಮಾಡುವ ಕೆಲಸವೇನು?

ಅಡಿಕೆ ಕೊಯ್ಲಿನ ಕಾಲದ ಅಂಗಳವನ್ನು ನೆನೆಯಿರಿ. ತೋಟದ ಲೆಕ್ಕ, ಕೂಲಿ, ಮಾರಾಟ, ಮಳೆಯ ಸೂಚನೆ ಇವೆಲ್ಲವನ್ನೂ ಒಬ್ಬ ಅನುಭವಿ ಯಜಮಾನ ನೋಡಿಕೊಳ್ಳಬಲ್ಲ. ಆದರೆ ರಾಶಿ ಅಡಿಕೆ ಸುಲಿಯಲು ಆತನೊಬ್ಬ ಸಾಲದು. ಮೆಟ್ಟುಗತ್ತಿ ಹಿಡಿದು ಸಾಲಾಗಿ ಕುಳಿತ ಹತ್ತಾರು ಜನ ಬೇಕು. ಕಂಪ್ಯೂಟರಿನ ಮುಖ್ಯ ಸಂಸ್ಕಾರಕ ಆ ಯಜಮಾನನಂತೆ, ಗ್ರಾಫಿಕ್ಸ್ ಕಾರ್ಡು ಸುಲಿಯುವವರ ಸಾಲಿನಂತೆ. ಎಲ್40ಎಸ್ ಕಾರ್ಡಿನಲ್ಲಿ ಇಂತಹ 18,176 ಪುಟ್ಟ ಗಣನಾ ಘಟಕಗಳಿವೆ. ಒಂದೇ ಬಗೆಯ ಗುಣಾಕಾರ, ಸಂಕಲನಗಳನ್ನು ಅವು ಏಕಕಾಲಕ್ಕೆ ಮಾಡುತ್ತವೆ. ಹೆಸರಿನಲ್ಲಿ ಗ್ರಾಫಿಕ್ಸ್ ಎಂದಿದ್ದರೂ ಸರ್ವರಿನಲ್ಲಿ ಇದರ ಮುಖ್ಯ ಕೆಲಸ ಚಿತ್ರ ತೋರಿಸುವುದಲ್ಲ. ಹಲವು ಸರ್ವರ್ ಕಾರ್ಡುಗಳಿಗೆ ಪರದೆ ಜೋಡಿಸುವ ಕಿಂಡಿಯೇ ಇರುವುದಿಲ್ಲ.

ವಿದ್ಯುತ್ತಿನ ಸಾಲು

ಈಗ ಪಟ್ಟಿಯ ಕೆಳಭಾಗಕ್ಕೆ ಬರೋಣ. ಗರಿಷ್ಠ ವಿದ್ಯುತ್ ಬಳಕೆ: 350 ವ್ಯಾಟ್. ದಿನದ 24 ಗಂಟೆಯೂ ಪೂರ್ಣ ಹೊರೆಯಲ್ಲಿ ದುಡಿದರೆ ದಿನಕ್ಕೆ 8.4 ಯೂನಿಟ್, 30 ದಿನಗಳಿಗೆ 252 ಯೂನಿಟ್. ನಮ್ಮ ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಒಂದು ಮನೆಗೆ ವಿಧಿಸಿದ ತಿಂಗಳ ಗರಿಷ್ಠ ಮಿತಿ 200 ಯೂನಿಟ್. ಒಂದು ಮನೆಗೆ ಸಾಕೆಂದು ಸರ್ಕಾರ ಭಾವಿಸಿದ ಪ್ರಮಾಣವನ್ನು ಅಂಗೈಯೆರಡರಷ್ಟು ಉದ್ದದ ಹಲಗೆಯೊಂದು ಮೀರಿತು.

ಇದು ನಡುಗಾತ್ರದ ಕಾರ್ಡು. ಅದೇ ಕಂಪನಿಯ ಎಚ್100 ಎಂಬ ಕಾರ್ಡಿನ ದೊಡ್ಡ ರೂಪಕ್ಕೆ 700 ವ್ಯಾಟ್ ಬೇಕು. ಅಂತಹ ಎಂಟನ್ನು ಒಂದೇ ಪೆಟ್ಟಿಗೆಯಲ್ಲಿಟ್ಟ ಡಿಜಿಎಕ್ಸ್ ಎಚ್100 ಸರ್ವರಿನ ಗರಿಷ್ಠ ಬಳಕೆ 10.2 ಕಿಲೋವ್ಯಾಟ್. ಒಂದು ಅಶ್ವಶಕ್ತಿಗೆ 746 ವ್ಯಾಟ್‌ನಂತೆ ಲೆಕ್ಕ ಹಾಕಿದರೆ ಇದು ಹದಿಮೂರೂವರೆ ಅಶ್ವಶಕ್ತಿಗೂ ಮಿಕ್ಕಿತು. ಐದು ಅಶ್ವಶಕ್ತಿಯ ಎರಡು ಪಂಪ್‌ಸೆಟ್ಟು ಸೇರಿದರೂ ಇದಕ್ಕೆ ಸಮನಾಗದು. ನಿಮ್ಮ ಪಂಪ್‌ಸೆಟ್ಟಿಗೆ ದಿನದ ಕೆಲವು ಗಂಟೆ ಮಾತ್ರ ತ್ರೀ ಫೇಸ್ ಸಿಗುತ್ತದೆ. ಸರ್ವರಿಗೆ ಹಗಲಿರುಳು ಬೇಕು. ಊರಿನ 25 ಕೆ.ವಿ.ಎ. ಟಿ.ಸಿ. ಒಂದಕ್ಕೆ ಇಂತಹ ಎರಡು ಪೆಟ್ಟಿಗೆ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ.

ಈ ಯೂನಿಟ್ಟುಗಳನ್ನು ನೀರಿನ ಭಾಷೆಗೆ ತಿರುಗಿಸಿ ನೋಡೋಣ. ಶರಾವತಿ ವಿದ್ಯುದಾಗಾರದಲ್ಲಿ ತಲಾ 103.5 ಮೆಗಾವಾಟ್‌ನ ಹತ್ತು ಘಟಕಗಳಿವೆ. ಒಟ್ಟು 1,035 ಮೆಗಾವಾಟ್. ಅಲ್ಲಿ ನೀರು 400 ಮೀಟರಿಗೂ ಮಿಕ್ಕಿದ ಎತ್ತರದಿಂದ ಧುಮುಕಿ ಯಂತ್ರ ತಿರುಗಿಸುತ್ತದೆ. ಅಷ್ಟು ಎತ್ತರದಿಂದ ಇಳಿಯುವ ಸುಮಾರು ಒಂದು ಸಾವಿರ ಲೀಟರ್ ನೀರು ಒಂದು ಯೂನಿಟ್ ವಿದ್ಯುತ್ತನ್ನು ಕೊಡುತ್ತದೆಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಬಲ್ಲರು. ಅಂದರೆ ನಮ್ಮ ಒಂದು ಕಾರ್ಡಿಗಾಗಿ ದಿನಕ್ಕೆ ಎಂಟು ಸಾವಿರ ಲೀಟರಿಗೂ ಹೆಚ್ಚು ನೀರು ಘಟ್ಟ ಇಳಿಯಬೇಕು. ಆ ನೀರು ಅಲ್ಲಿಗೆ ಇಲ್ಲವಾಗುವುದಿಲ್ಲ, ಗೇರುಸೊಪ್ಪೆಯ ಕಡೆ ಹರಿಯುತ್ತದೆ ಎಂಬುದು ನಿಜ. ರಾಜ್ಯದ ವಿದ್ಯುತ್ತೆಲ್ಲ ಜಲವಿದ್ಯುತ್ತಲ್ಲ. ರಾಯಚೂರಿನ ಕಲ್ಲಿದ್ದಲೂ ಉಂಟು, ಪಾವಗಡದ ಬಿಸಿಲೂ ಉಂಟು ಎಂಬುದೂ ನಿಜ. ಆದರೂ ಈ ಹೋಲಿಕೆ ನಮಗೆ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಏರಿದಾಗ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಅಲೆದ ಕಥೆ ಈ ಜಿಲ್ಲೆಯಲ್ಲಿ ಹಳೆಯದಾಗಿಲ್ಲ. ಈಚಿನ ವರ್ಷಗಳಲ್ಲಿ ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಚರ್ಚೆಗೆ ಬಂದಿದೆ. ಬೇಡಿಕೆ ಏರುತ್ತಿದೆ ಎಂಬ ವಾದ ಬಂದಾಗಲೆಲ್ಲ ಯಾವ ಬೇಡಿಕೆ, ಯಾರದು ಎಂದು ಕೇಳುವುದಕ್ಕೆ ಈ 350 ವ್ಯಾಟ್ ಎಂಬ ಸಾಲು ಆಧಾರವಾಗುತ್ತದೆ.

ತಂಪಿನ ಸಾಲು

ಪಟ್ಟಿಯಲ್ಲಿ 'ಪ್ಯಾಸಿವ್' ಎಂಬ ಒಂದು ಪದ ಇರುತ್ತದೆ. ಕಾರ್ಡಿಗೆ ಸ್ವಂತ ಫ್ಯಾನ್ ಇಲ್ಲ ಎಂದು ಇದರ ಅರ್ಥ. 350 ವ್ಯಾಟ್ ವಿದ್ಯುತ್ತು ಕಡೆಗೆ ಆಗುವುದು ಶಾಖವೇ. ಅದನ್ನು ಹೊರಹಾಕಲು ಸರ್ವರ್ ಪೆಟ್ಟಿಗೆಯ ಬಲವಾದ ಫ್ಯಾನುಗಳೂ, ಅವು ಹೊರಚೆಲ್ಲಿದ ಬಿಸಿಗಾಳಿಯನ್ನು ತಣಿಸಲು ಕೋಣೆಗೆ ಹವಾನಿಯಂತ್ರಣವೂ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಹಳೆಯ ಸರ್ವರ್ ಕಾರ್ಡುಗಳು ಅಗ್ಗಕ್ಕೆ ಸಿಕ್ಕಾವು. ಅವುಗಳನ್ನು ತಂದು ಮನೆಯ ಕಂಪ್ಯೂಟರಿಗೆ ಹಾಕಿದರೆ ಗಾಳಿಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಕಾದು, ತಮ್ಮನ್ನು ಉಳಿಸಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತವೆ ಅಥವಾ ನಿಂತುಬಿಡುತ್ತವೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ತಂಪಿನ ಖರ್ಚನ್ನು ಪಿ.ಯು.ಇ. ಎಂಬ ಅನುಪಾತದಿಂದ ಅಳೆಯುತ್ತಾರೆ. ಕೇಂದ್ರದ ಒಟ್ಟು ವಿದ್ಯುತ್ತನ್ನು ಯಂತ್ರಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಅನುಪಾತ 1.5 ಆದರೆ ನಮ್ಮ ಕಾರ್ಡಿನ ದಿನದ ಲೆಕ್ಕ 8.4 ಅಲ್ಲ, 12.6 ಯೂನಿಟ್. ನೀರನ್ನು ಆವಿಯಾಗಿಸಿ ತಂಪು ಮಾಡುವ ಕೇಂದ್ರಗಳಲ್ಲಿ ಈ ಅನುಪಾತ ಇಳಿಯಬಹುದು, ಆದರೆ ನೀರಿನ ಖರ್ಚು ಏರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರು ನೀರಿಗಾಗಿ ಪರದಾಡಿದ್ದನ್ನು ಕಂಡ ಮೇಲೆ ವಿದ್ಯುತ್ತು ಮತ್ತು ನೀರು ಎರಡರ ಲೆಕ್ಕವನ್ನೂ ಒಟ್ಟಿಗೆ ಕೇಳಬೇಕು.

ಸ್ಮೃತಿಯ ಸಾಲು

ಇನ್ನೊಂದು ಮೆಟ್ಟಿಲು ಮೇಲೇರೋಣ. ಸ್ಮೃತಿ ಅಥವಾ ಮೆಮೊರಿ: 48 ಗಿಗಾಬೈಟ್. ಕಾರ್ಡಿನಲ್ಲಿ ಯಾವ ಕೆಲಸ ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಇದು. 700 ಕೋಟಿ ಅಂಕಿಗಳಿರುವ ಒಂದು ಭಾಷಾ ಮಾದರಿಯನ್ನು ಅಂಕಿಗೆ ಎರಡು ಬೈಟ್‌ನಂತೆ ಇಟ್ಟರೆ 14 ಗಿಗಾಬೈಟ್ ಆಗುತ್ತದೆ, ಸುಲಭವಾಗಿ ಹಿಡಿಯುತ್ತದೆ. 7,000 ಕೋಟಿಯದಾದರೆ 140 ಗಿಗಾಬೈಟ್. ಒಂದು ಕಾರ್ಡಿನಲ್ಲಿ ಹಿಡಿಯದು. ಅಂಕಿಗೆ ಅರ್ಧ ಬೈಟ್‌ನಂತೆ ಅದನ್ನೇ ಅಡಕಗೊಳಿಸಿದರೆ 35 ಗಿಗಾಬೈಟ್‌ಗೆ ಇಳಿದು ಹಿಡಿಯುತ್ತದೆ, ಉತ್ತರದ ಗುಣಮಟ್ಟ ತುಸು ತಗ್ಗುತ್ತದೆ.

ಇದರ ಪಕ್ಕದಲ್ಲೇ ಸ್ಮೃತಿಯ ಸಾಗಾಟದ ವೇಗ ಇರುತ್ತದೆ: ಸೆಕೆಂಡಿಗೆ 864 ಗಿಗಾಬೈಟ್. ಸುಲಿಯುವವರು ಎಷ್ಟೇ ಚುರುಕಾಗಿದ್ದರೂ ಅಡಿಕೆ ತಂದು ಸುರಿಯುವವನು ನಿಧಾನಿಯಾದರೆ ಕತ್ತಿಗಳು ಸುಮ್ಮನಿರುತ್ತವೆ. ಭಾಷಾ ಮಾದರಿ ಒಬ್ಬ ವ್ಯಕ್ತಿಗೆ ಉತ್ತರಿಸುವಾಗ ಪ್ರತಿ ಪದತುಣುಕಿಗೂ ಇಡೀ 14 ಗಿಗಾಬೈಟನ್ನು ಒಮ್ಮೆ ಓದಬೇಕು. 864ನ್ನು 14ರಿಂದ ಭಾಗಿಸಿ; ಸೆಕೆಂಡಿಗೆ 61 ತುಣುಕುಗಳೇ ಮೇಲ್ಮಿತಿ. ಗಣನೆಯ ವೇಗ ಎಷ್ಟಿದ್ದರೂ ಈ ಮಿತಿ ಸರಿಯದು.

'ಇಸಿಸಿ' ಎಂಬ ಮೂರಕ್ಷರವೂ ಇಲ್ಲೇ ಇರುತ್ತದೆ. ಸ್ಮೃತಿಯಲ್ಲಿ ಆಕಸ್ಮಿಕವಾಗಿ ಮಗುಚಿದ ಅಂಕಿಯನ್ನು ಕಂಡುಹಿಡಿದು ಸರಿಪಡಿಸುವ ವ್ಯವಸ್ಥೆ ಇದು. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಇದು ಅತ್ಯಗತ್ಯ.

ವೇಗದ ಸಾಲುಗಳು

ಕೊನೆಗೆ ಬಿರುದಾವಳಿ. 91.6 ಟೆರಾಫ್ಲಾಪ್ಸ್, 733, 1,466 ಎಂದು ಅಂಕಿಗಳು ಏರುತ್ತ ಹೋಗುತ್ತವೆ. ಒಂದೇ ಕಾರ್ಡಿಗೆ ಇಷ್ಟು ವೇಗಗಳು ಹೇಗೆ? ಅಳತೆಗೋಲು ಬೇರೆ ಬೇರೆ. ಭತ್ತವನ್ನು ಕೊಳಗದಲ್ಲಿ ಬೇಗ ಅಳೆಯಬಹುದು. ಚಿನ್ನಕ್ಕೆ ಸೂಕ್ಷ್ಮ ತಕ್ಕಡಿ ಬೇಕು, ಅದು ನಿಧಾನ. 91.6 ಎಂಬುದು 32 ಬಿಟ್ ಅಂಕಿಗಳ ಲೆಕ್ಕ. 733 ಎಂಬುದು 8 ಬಿಟ್‌ನ ಒರಟು ಅಂಕಿಗಳದು. 1,466ರ ತಲೆಯ ಮೇಲೆ ಒಂದು ನಕ್ಷತ್ರ ಚಿಹ್ನೆ ಇದೆ. ಮಾದರಿಯ ಅಂಕಿಗಳಲ್ಲಿ ಅರ್ಧದಷ್ಟನ್ನು ನಿಗದಿತ ಕ್ರಮದಲ್ಲಿ ಸೊನ್ನೆ ಮಾಡಿ, ಅವುಗಳ ಗುಣಾಕಾರವನ್ನು ಬಿಟ್ಟುಬಿಟ್ಟರೆ ಮಾತ್ರ ಆ ವೇಗ ಎಂದು ಅದರ ಟಿಪ್ಪಣಿ ಹೇಳುತ್ತದೆ. ನಕ್ಷತ್ರವಿರುವ ಅಂಕಿಯನ್ನು ಅರ್ಧ ಮಾಡಿಕೊಂಡು ಓದುವುದು ಕ್ಷೇಮ.

ಚಿನ್ನದ ತಕ್ಕಡಿಯ ಮಾತು ಹವಾಮಾನಕ್ಕೆ ಮುಖ್ಯ. ಮಳೆ, ಗಾಳಿಯ ಸಾಂಪ್ರದಾಯಿಕ ಗಣಿತ ಮಾದರಿಗಳು ಬಹುಪಾಲು 64 ಬಿಟ್ ಅಂಕಿಗಳನ್ನು ಬೇಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ, 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಮಹಾಗಣಕದಲ್ಲಿ ವಿ100 ಎಂಬ ಕಾರ್ಡುಗಳಿವೆ. 2017ರ ಆ ಕಾರ್ಡು 64 ಬಿಟ್ ಲೆಕ್ಕದಲ್ಲಿ ಸುಮಾರು 7 ಟೆರಾಫ್ಲಾಪ್ಸ್ ಕೊಡುತ್ತದೆ. ಆರು ವರ್ಷ ಹೊಸತಾದ ನಮ್ಮ ಎಲ್40ಎಸ್ ಅದೇ ಲೆಕ್ಕದಲ್ಲಿ ಒಂದೂವರೆಯನ್ನೂ ಮುಟ್ಟುವುದಿಲ್ಲ. ಹೊಸದೆಲ್ಲ ಎಲ್ಲ ಕೆಲಸಕ್ಕೂ ಮೇಲಲ್ಲ.

ನಮಗೆ ಬೇಕಾದುದೆಷ್ಟು?

ಅದೇ 2023ರಲ್ಲಿ ಅದೇ ಕಂಪನಿ ಎಲ್4 ಎಂಬ ಚಿಕ್ಕ ಕಾರ್ಡನ್ನೂ ಹೊರತಂದಿತು. 24 ಗಿಗಾಬೈಟ್ ಸ್ಮೃತಿ, ಸೆಕೆಂಡಿಗೆ 300 ಗಿಗಾಬೈಟ್ ಸಾಗಾಟ, 30.3 ಟೆರಾಫ್ಲಾಪ್ಸ್, ವಿದ್ಯುತ್ತು 72 ವ್ಯಾಟ್ ಮಾತ್ರ. ವೇಗ ದೊಡ್ಡದರ ಮೂರನೆಯ ಒಂದು ಭಾಗ, ವಿದ್ಯುತ್ತು ಐದನೆಯ ಒಂದು ಭಾಗ. ಪ್ರತಿ ವ್ಯಾಟಿಗೆ ದೊರೆಯುವ ಕೆಲಸ ಚಿಕ್ಕದರಲ್ಲಿಯೇ ಹೆಚ್ಚು. ಈ ಭಾಗಾಕಾರವನ್ನು ವಿವರಪಟ್ಟಿ ಮಾಡಿಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ದೊಡ್ಡ ಕಾರ್ಡನ್ನೇ ಕೊಂಡರೂ ಅದರ ವಿದ್ಯುತ್ ಮಿತಿಯನ್ನು ತಂತ್ರಾಂಶದ ಮೂಲಕ ತಗ್ಗಿಸಬಹುದು. ಅನೇಕ ಕೆಲಸಗಳಲ್ಲಿ ವಿದ್ಯುತ್ತು ತಗ್ಗಿದ ಪ್ರಮಾಣದಲ್ಲಿ ವೇಗ ತಗ್ಗುವುದಿಲ್ಲ.

ಇನ್ನೂ ಕೆಳಗಿಳಿಯಬಹುದು. ಅಮೆರಿಕದ ಕಾರ್ನೆಲ್ ಮತ್ತು ಜರ್ಮನಿಯ ಕೆಮ್ನಿಟ್ಸ್ ವಿಶ್ವವಿದ್ಯಾಲಯಗಳು ಸೇರಿ ರೂಪಿಸಿದ ಬರ್ಡ್‌ನೆಟ್ ಎಂಬ ತಂತ್ರಾಂಶ ಹಕ್ಕಿಗಳನ್ನು ಕೂಗಿನಿಂದ ಗುರುತಿಸುತ್ತದೆ. ಕೆಲವೇ ವ್ಯಾಟ್ ಬೇಡುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆ. ಮಾದರಿಯನ್ನು ಮೊದಲಿಗೆ ಕಲಿಸಲು ದೊಡ್ಡ ಯಂತ್ರ ಬೇಕು, ಬಳಸಲು ಬೇಕಾಗಿಲ್ಲ. ಕಲಿಸುವ ಕೆಲಸ ಕೆಲವು ದಿನಗಳದಾದರೆ ವಿಶ್ವವಿದ್ಯಾಲಯದ ಯಂತ್ರವನ್ನು ಕೇಳಿ ಪಡೆಯುವುದೋ, ಬಾಡಿಗೆಗೆ ತೆಗೆದುಕೊಳ್ಳುವುದೋ ಮೇಲು.

ಆದ್ದರಿಂದ ದರಪಟ್ಟಿ ಕೈಗೆ ಬಂದಾಗ ಈ ಪ್ರಶ್ನೆಗಳನ್ನು ಬರೆದು ಕೇಳಿ. ಗರಿಷ್ಠ ವ್ಯಾಟ್ ಎಷ್ಟು, ತಿಂಗಳಿಗೆ ಎಷ್ಟು ಯೂನಿಟ್? ತಂಪಿಗೆ ಬೇರೆ ಎಷ್ಟು? ನಮ್ಮ ಕೆಲಸಕ್ಕೆ ಎಷ್ಟು ಸ್ಮೃತಿ ಸಾಕು? ಹೇಳಿದ ವೇಗ ಎಷ್ಟು ಬಿಟ್‌ನದು, ನಕ್ಷತ್ರ ಉಂಟೇ? ದಿನದಲ್ಲಿ ಎಷ್ಟು ಗಂಟೆ ಇದು ನಿಜವಾಗಿ ದುಡಿಯುತ್ತದೆ? ಆಯುಷ್ಯ ಮುಗಿದ ಮೇಲೆ ಮರಳಿ ಪಡೆಯುವವರು ಯಾರು? ಈ ಕೊನೆಯ ಪ್ರಶ್ನೆಗೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಬಲವಿದೆ. ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ಅವು ಉತ್ಪಾದಕರ ಮೇಲೆ ಹೊರಿಸುತ್ತವೆ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಕಾಡ್ಗಿಚ್ಚಿನ ಸುಳಿವನ್ನು ಒಂದು ಗಂಟೆ ಮೊದಲು ಕೊಡುವ ಕಾರ್ಡು ತನ್ನ ವಿದ್ಯುತ್ತಿನ ಋಣವನ್ನು ತೀರಿಸಿತೆಂದೇ ತಿಳಿಯುತ್ತೇನೆ. ಕೆಲಸವಿಲ್ಲದೆ ಉರಿಯುವ ಕಾರ್ಡಿಗೆ ಆ ಸಮರ್ಥನೆ ಇಲ್ಲ. ಅಧ್ಯಾಪಕರು ಮುಂದಿನ ತರಗತಿಯಲ್ಲಿ ಯಾವುದಾದರೊಂದು ಕಾರ್ಡಿನ ವಿವರಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು, ವ್ಯಾಟಿನ ಸಾಲಿನಿಂದ ಆರಂಭಿಸಿ ಮಕ್ಕಳಿಂದಲೇ ಲೆಕ್ಕ ಮಾಡಿಸಬೇಕೆಂದು ವಿನಂತಿಸುತ್ತೇನೆ.