ಚಿಕ್ಕ ಮನೆಯ ನೆಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅದು ಕಟ್ಟುವವರ ಕಷ್ಟವನ್ನು ಕುರಿತ ಮಾತು. ಕಟ್ಟಿದ ಮನೆಯಲ್ಲಿ, ಅದರಲ್ಲಿಯೂ ಬೇರೆಯವರು ಕಟ್ಟಿ ಬಾಡಿಗೆಗೆ ಕೊಟ್ಟ ಚಿಕ್ಕ ಮನೆಯಲ್ಲಿ, ಐದಾರು ಮಂದಿ ಒಬ್ಬರ ಕಾಲು ಒಬ್ಬರಿಗೆ ತಾಗದಂತೆ ಬಾಳುವ ಕಷ್ಟಕ್ಕೆ ಗಾದೆ ಹುಟ್ಟಿದ್ದನ್ನು ನಾನು ಕಾಣೆ. ಗೃಹಾಲಂಕಾರ ಎಂಬ ಮಾತು ಕೇಳಿದೊಡನೆ ಅಂಗಡಿಯಿಂದ ಏನನ್ನು ತರಬೇಕು ಎಂದು ಯೋಚಿಸುವುದು ನಮಗೆಲ್ಲ ರೂಢಿಯಾಗಿದೆ. ಚಿಕ್ಕ ಮನೆಯ ಮಟ್ಟಿಗೆ ಆ ಯೋಚನೆಯನ್ನು ತಿರುಗಿಸಿ ಕೇಳಿಕೊಳ್ಳಬೇಕಾಗುತ್ತದೆ: ಮನೆಯಿಂದ ಏನನ್ನು ಹೊರಗೆ ಸಾಗಿಸಬೇಕು?

ಒಂದು ಮನೆಯನ್ನು ಎತ್ತಿಕೊಂಡು ಲೆಕ್ಕ ಹಾಕೋಣ. ಬೆಂಗಳೂರಿನವರಿಗೆ ಇಪ್ಪತ್ತು–ಮೂವತ್ತರ ಸೈಟು ಎಂದರೆ ವಿವರಿಸಿ ಹೇಳಬೇಕಾಗಿಲ್ಲ. ಅಂಥ ಸೈಟಿನಲ್ಲಿ ಎದ್ದ ಕಟ್ಟಡದ ಒಂದು ಅಂತಸ್ತು. ಹತ್ತು–ಹನ್ನೆರಡು ಅಡಿಯ ಹಜಾರ, ಹತ್ತು–ಹತ್ತರ ಕೋಣೆ, ಏಳು–ಎಂಟರ ಅಡುಗೆಮನೆ, ಒಂದು ಬಚ್ಚಲು. ಇರುವವರು ಐವರು: ಗಂಡ, ಹೆಂಡತಿ, ಗಂಡನ ತಾಯಿ, ಹತ್ತನೆಯ ತರಗತಿಯಲ್ಲಿ ಓದುವ ಮಗಳು, ಅವಳಿಗಿಂತ ಕಿರಿಯನಾದ ಮಗ. ಇದೇನೂ ಅಪರೂಪದ ಇಕ್ಕಟ್ಟಲ್ಲ. ೨೦೧೫ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯು ನಗರಗಳಲ್ಲಿ ಆರ್ಥಿಕವಾಗಿ ದುರ್ಬಲರಾದವರ ಮನೆಗೆ ಗೊತ್ತುಮಾಡಿದ ಮೇರೆ ೩೦ ಚದರ ಮೀಟರು, ಎಂದರೆ ಸುಮಾರು ೩೨೩ ಚದರಡಿ ನೆಲ. ನಾವು ಎತ್ತಿಕೊಂಡ ಮನೆಯೂ ಹೆಚ್ಚು ಕಡಿಮೆ ಅಷ್ಟೇ.

ಇನ್ನು ಈ ಮನೆಗೆ ಸಾಮಾನು ಬರುತ್ತದೆ. ಕೋಣೆಗೆ ಐದಡಿ ಅಗಲ, ಆರೂವರೆ ಅಡಿ ಉದ್ದದ ಜೋಡಿಮಂಚ. ಅಲ್ಲಿಗೆ ೩೨ ಚದರಡಿ ಹೋಯಿತು. ಮೂರಡಿಯ ಕಬ್ಬಿಣದ ಬೀರು, ಅದರ ಬಾಗಿಲು ತೆರೆಯಲು ಬೇಕಾದ ಜಾಗ ಬೇರೆ. ಹಜಾರಕ್ಕೆ ಸೋಫಾ ಸೆಟ್ಟು, ನಡುವೆ ಟೀಪಾಯಿ. ಅಲ್ಲಿ ಸುಮಾರು ೪೦ ಚದರಡಿ. ಊಟದ ಮೇಜು ನೋಡುವುದಕ್ಕೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ, ಹತ್ತೇ ಚದರಡಿ. ಆದರೆ ಎರಡು ಪಕ್ಕದಲ್ಲಿಯೂ ಕುರ್ಚಿ ಎಳೆದು ಕುಳಿತಾಗ ಅದು ತಿನ್ನುವುದು ೩೦ ಚದರಡಿ. ಹಜಾರ ಇದ್ದದ್ದು ೧೨೦, ಉಳಿದದ್ದು ೫೦. ಅದೂ ಒಂದೇ ಕಡೆ ಇಲ್ಲ, ಸಂದಿ ಸಂದಿಗಳಾಗಿ ಹಂಚಿಹೋಗಿದೆ. ಮಂಚಕ್ಕೆ ಕೆಲಸವಿರುವುದು ರಾತ್ರಿ ಎಂಟು ಗಂಟೆ; ಮೇಜಿಗೆ ದಿನಕ್ಕೆ ಒಂದೂವರೆ ಗಂಟೆ; ಸೋಫಾಕ್ಕೆ, ನೆಂಟರು ಬಂದಾಗ. ಬಾಡಿಗೆಯನ್ನು ಮಾತ್ರ ಅವುಗಳ ಪರವಾಗಿ ನೀವು ಇಪ್ಪತ್ತನಾಲ್ಕು ಗಂಟೆಗೂ ಕಟ್ಟುತ್ತೀರಿ.

ಜಾಗ ಕಡಿಮೆಯಾಯಿತು, ಹೊಂದಿಕೊಂಡರಾಯಿತು ಎನ್ನುವಿರಿ. ಹೊಂದಿಕೊಳ್ಳುವವರು ಯಾರು? ಸಾಮಾನು ಬಂದಾಗ ಎಲ್ಲರಿಗೂ ಸಮನಾಗಿ ಜಾಗ ಕಡಿಮೆಯಾಗುವುದಿಲ್ಲ. ಮನೆಯ ಅಜ್ಜಿಯನ್ನು ನೋಡಿ. ಅವರ ಹಾಸಿಗೆ ಬಿಚ್ಚಬೇಕಾದರೆ ಟೀಪಾಯಿ ಸರಿಯಬೇಕು. ಟೀಪಾಯಿ ಸರಿಯಬೇಕಾದರೆ ಟೆಲಿವಿಷನ್ನು ನಿಲ್ಲಬೇಕು. ಎಂಟೂವರೆಗೆ ನಿದ್ದೆ ಬಂದರೂ ಹತ್ತೂವರೆಯ ತನಕ ಕುರ್ಚಿಯಲ್ಲಿ ತೂಕಡಿಸುತ್ತ ಕುಳಿತಿರುತ್ತಾರೆ. ಮಗಳು ಮಂಚದ ಅಂಚಿನಲ್ಲಿ ಬೆನ್ನು ಬಗ್ಗಿಸಿ, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಲೆಕ್ಕ ಮಾಡುತ್ತಾಳೆ. ಮನೆಯೊಡತಿಗೆ ಅಡುಗೆಮನೆಯ ಹೊರತು ನಿಲ್ಲಲು ತಾವಿಲ್ಲ. ಇಷ್ಟಾದರೂ ವರ್ಷಕ್ಕೆ ನಾಲ್ಕು ಸಲ ಬರುವ ನೆಂಟರಿಗೆ ಮೆತ್ತನೆಯ ಆಸನ ಕಾದಿರುತ್ತದೆ! ಒಂದು ಮನೆ ಅನುಕೂಲವಾಗಿದೆಯೆ ಎಂದು ತಿಳಿಯಬೇಕಾದರೆ, ನನ್ನ ಅಭಿಪ್ರಾಯದಲ್ಲಿ, ಯಜಮಾನರನ್ನು ಕೇಳಬಾರದು. ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಜಾಗ ಸಿಕ್ಕಿದವರನ್ನು ಕೇಳಬೇಕು.

ಹಿಂದಿನವರ ಮನೆಗಳು ಸ್ವರ್ಗವಾಗಿದ್ದುವು ಎಂದು ನಾನು ಹೇಳುವುದಿಲ್ಲ. ಹಗಲಲ್ಲೇ ದೀಪ ಬೇಕಾಗುತ್ತಿದ್ದ ನಡುಮನೆಗಳು, ಹೊಗೆ ತುಂಬಿದ ಅಡುಗೆಮನೆಗಳು ಎಷ್ಟೋ ಇದ್ದುವು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಪೇಟೆಯ ಇಕ್ಕಟ್ಟಾದ ಮನೆಗಳನ್ನು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಹೋದದ್ದು ಗಾಳಿ ಬೆಳಕನ್ನು ಅರಸಿಕೊಂಡೇ. ಆದರೆ ಒಂದು ವಿಷಯದಲ್ಲಿ ಹಿಂದಿನವರು ನಮಗಿಂತ ಜಾಣರು. ಅವರು ನೆಲವನ್ನು ಬಿಡುವಾಗಿಟ್ಟುಕೊಂಡು ಗೋಡೆಯಿಂದ ದುಡಿಸಿಕೊಂಡರು. ನಮ್ಮ ಮಾತಿನಲ್ಲಿಯೇ ಅದರ ಗುರುತು ಉಳಿದಿದೆ. ದೀಪಕ್ಕೆ, ಪಂಚಾಂಗಕ್ಕೆ ಗೋಡೆಯ ಗೂಡು. ಪಾತ್ರೆ ಪೆಟ್ಟಿಗೆಗಳಿಗೆ ಗೋಡೆಯುದ್ದಕ್ಕೂ ನಾಗಂದಿಗೆ. ಅಂಗವಸ್ತ್ರಕ್ಕೆ, ಕೈಚೀಲಕ್ಕೆ ಗಿಳಿಗೂಟ. ಹಾಲು ಮೊಸರಿಗೆ ಸೂರಿನಿಂದ ಇಳಿಬಿದ್ದ ನೆಲುವು. ವರ್ಷಕ್ಕೊಮ್ಮೆ ಬೇಕಾಗುವ ಹಂಡೆ ಕೊಪ್ಪರಿಗೆಗೆ ಅಟ್ಟ. ಇಷ್ಟೆಲ್ಲ ಇದ್ದೂ ನೆಲದ ಮೇಲೆ ಇರುತ್ತಿದ್ದದ್ದು ಚಾಪೆ, ಮಣೆ. ಅವೂ ಕೆಲಸವಾದೊಡನೆ ಗೋಡೆಗೆ ಒರಗುತ್ತಿದ್ದುವು. ಒಂದೇ ನಡುಮನೆ ಬೆಳಗ್ಗೆ ಮಕ್ಕಳಿಗೆ ಓದುವ ಜಾಗ, ಮಧ್ಯಾಹ್ನ ಊಟದ ಪಂಕ್ತಿ, ಸಂಜೆ ಹೆಂಗಸರ ಹರಟೆ, ರಾತ್ರಿ ಹತ್ತು ಜನರ ಹಾಸಿಗೆ. ಜಪಾನಿನವರೂ ಹೀಗೆಯೇ ಹಾಸಿಗೆಯನ್ನು ಬೆಳಗ್ಗೆ ಮಡಿಸಿ ಗೋಡೆಯೊಳಗಿನ ಕಪಾಟಿಗೆ ಸೇರಿಸುತ್ತ ಬಂದವರು. ಅಲ್ಲಿ ಕೋಣೆಯ ಅಳತೆಯನ್ನೇ ಚಾಪೆಯ ಲೆಕ್ಕದಲ್ಲಿ ಹೇಳುವುದುಂಟು: ನಾಲ್ಕೂವರೆ ಚಾಪೆಯ ಕೋಣೆ, ಆರು ಚಾಪೆಯ ಕೋಣೆ ಎಂದು.

ಹಾಗಾದರೆ ಗೋಡೆಯಲ್ಲಿ ಗೂಡು ಕೊರೆಯೋಣವೆ ಎಂದರೆ, ಈಗಿನ ಗೋಡೆ ಅದಕ್ಕೆ ಒದಗುವುದಿಲ್ಲ. ಮಣ್ಣಿನ ಗೋಡೆ ಮೊಳದಷ್ಟು, ಕೆಲವೆಡೆ ಇನ್ನೂ ಹೆಚ್ಚು ದಪ್ಪವಿರುತ್ತಿತ್ತು. ಇಂದಿನ ಒಳಗೋಡೆ ನಾಲ್ಕೂವರೆ ಅಂಗುಲ. ಅದರಲ್ಲಿ ಗೂಡು ಕೊರೆಯಹೊರಟರೆ ಪಕ್ಕದ ಕೋಣೆಗೆ ಕಿಟಕಿಯಾದೀತು. ಗೋಡೆಯ ಹೊರಮೈಯನ್ನೇ ಬಳಸಬೇಕು. ಬಾಗಿಲುವಾಡದ ತಲೆ ಏಳಡಿಯ ಎತ್ತರದಲ್ಲಿರುತ್ತದೆ. ಅಲ್ಲಿಂದ ಸೂರಿನವರೆಗೆ ಎರಡೂವರೆ ಮೂರು ಅಡಿ ಗೋಡೆ ಸುಮ್ಮನೆ ನಿಂತಿದೆ. ಹತ್ತಡಿ ಕೋಣೆಯ ಎರಡು ಗೋಡೆಗಳಿಗೆ ಆ ಮಟ್ಟದಲ್ಲಿ ಒಂದಡಿ ಅಗಲದ ಹಲಗೆ ಹಾಕಿಸಿದರೆ ೨೦ ಚದರಡಿ ಜಾಗ ಹುಟ್ಟಿತು, ನೆಲದ ಒಂದಂಗುಲವನ್ನೂ ಮುಟ್ಟದೆ. ಹಳೆಯ ನಾಗಂದಿಗೆಯೇ ಇದು. ಭಾರದ ಟ್ರಂಕು ಅಲ್ಲಿ ಬೇಡ. ಹೊದಿಕೆ, ಚಳಿಯ ಬಟ್ಟೆ, ಓದಿ ಮುಗಿಸಿದ ಪುಸ್ತಕಗಳಿಗೆ ಆದೀತು. ಮೊಳೆ ಹೊಡೆಯಬೇಡಿ ಎನ್ನುವ ಮನೆಯೊಡೆಯರೂ ಇದ್ದಾರೆ. ಬಾಡಿಗೆಮನೆಯವರಿಗೆ ಅದು ಗೊತ್ತೇ ಇದೆ. ಅಂಥಲ್ಲಿ ನೆಲದ ಮೇಲೆಯೇ ನಿಲ್ಲುವ, ಒಂದಡಿಗಿಂತ ಹೆಚ್ಚು ಆಳವಿಲ್ಲದ, ಎತ್ತರವಾದ ಕಬ್ಬಿಣದ ರ್‍ಯಾಕು ಒಳ್ಳೆಯದು. ಮನೆ ಬದಲಾಯಿಸುವಾಗ ಬಿಚ್ಚಿ ಒಯ್ಯಬಹುದು. ಆಳವಾದ ಬೀರುವಿನಲ್ಲಿ ಹಿಂದೆ ಬಿದ್ದ ಬಟ್ಟೆ ಮುಂದಿನ ಯುಗಾದಿಗೇ ಕಣ್ಣಿಗೆ ಬೀಳುವುದು.

ಎಲ್ಲರೂ ನೆಲದ ಮೇಲೆಯೇ ಕೂರಿ, ಮಲಗಿ ಎಂದು ನಾನು ಹೇಳಹೊರಟಿಲ್ಲ. ಎಪ್ಪತ್ತು ದಾಟಿದವರ ಮಂಡಿ ಆ ಮಾತನ್ನು ಕೇಳುವುದಿಲ್ಲ. ಮನೆಯಲ್ಲಿ ಒಂದೇ ಒಂದು ಮಂಚಕ್ಕೆ ಜಾಗವಿದ್ದರೆ ಅದು ಅಜ್ಜಿಗೆ ಸಲ್ಲಬೇಕು. ಸೋಫಾ ಸೆಟ್ಟನ್ನು ಕಳಿಸಿ, ಹಜಾರದ ಗೋಡೆಗೆ ಸೇರಿಸಿ ಎರಡೂವರೆ ಅಡಿ ಅಗಲದ ದಿವಾನವೊಂದನ್ನು ಹಾಕಿ. ಕುಳಿತರೆ ಪಾದ ಪೂರ್ತಿ ನೆಲಕ್ಕೂರುವಷ್ಟು ಎತ್ತರವಿರಲಿ. ಹಗಲು ನಾಲ್ವರು ಕೂರಬಹುದು. ರಾತ್ರಿ ಅದು ಅಜ್ಜಿಯದು, ಟೆಲಿವಿಷನ್ನಿನ ಅಪ್ಪಣೆ ಬೇಕಿಲ್ಲ. ಸ್ವಂತ ಮನೆ ಕಟ್ಟಿಸುವವರು ಇನ್ನೂ ಒಂದು ಮಾಡಬಹುದು. ಕೇರಳದಲ್ಲಿ ಬಹುಕಾಲ ಮನೆಗಳನ್ನು ಕಟ್ಟಿದ ಲಾರಿ ಬೇಕರ್ (೧೯೧೭–೨೦೦೭) ತಮ್ಮ ಅನೇಕ ಮನೆಗಳಲ್ಲಿ ಗೋಡೆಗೆ ಸೇರಿದಂತೆಯೇ ಇಟ್ಟಿಗೆಯ ಆಸನಗಳನ್ನು ಕಟ್ಟಿಸಿದರು. ನಮ್ಮ ಜಗಲಿಯ ಕಟ್ಟೆಯನ್ನು ಒಳಗೆ ತಂದಂತೆ ಅದು. ಹದಿನೆಂಟು ಅಂಗುಲ ಅಗಲದ ಕಟ್ಟೆ ಕಿಟಕಿಯ ಕೆಳಗಿದ್ದರೆ ಮೂರು ಕುರ್ಚಿಗಳ ಕೆಲಸ ಮುಗಿಯಿತು.

ಕೋಣೆಯ ಜೋಡಿಮಂಚದ ವಿಷಯ. ಅದಿರುವವರೆಗೆ ಆ ಕೋಣೆ ಮಂಚದ್ದು. ಅದರ ಬದಲು ಮಡಿಸುವ ಹಾಸಿಗೆಯಾದರೆ, ಸಂಜೆ ಆರರಿಂದ ಹತ್ತರವರೆಗೆ ಕೋಣೆ ಓದುವ ಮಗಳದಾಗುತ್ತದೆ. ಗೋಡೆಗೆ ತಿರುಗುಣಿ ಹಾಕಿ ಕೂರಿಸಿದ, ಮೂರಡಿ ಉದ್ದ ಒಂದೂವರೆ ಅಡಿ ಅಗಲದ ಹಲಗೆ ಸಾಕು; ಓದುವಾಗ ಎತ್ತಿ ನಿಲ್ಲಿಸುವುದು, ಮುಗಿದ ಮೇಲೆ ಇಳಿಬಿಡುವುದು. ದೀಪ ಎಡಗಡೆ ಇರಲಿ, ಬಲಗೈಯಲ್ಲಿ ಬರೆಯುವವರಿಗೆ ಕೈಯ ನೆರಳು ಅಕ್ಷರದ ಮೇಲೆ ಬೀಳದು. ಪರೀಕ್ಷೆಯ ತಿಂಗಳುಗಳಲ್ಲಿ ಗಂಡಹೆಂಡಿರು ಹಾಸಿಗೆಯನ್ನು ಹಜಾರಕ್ಕೆ ತಂದು, ಕೋಣೆಯನ್ನು ಪೂರ್ತಿಯಾಗಿ ಅವಳಿಗೇ ಬಿಡಬಹುದು. ಮಂಚವಿದ್ದ ಮನೆಯಲ್ಲಿ ಈ ಮಾತು ಎತ್ತುವುದಕ್ಕೂ ಆಗದು. ಒಂದು ಎಚ್ಚರಿಕೆ: ಅರಳೆಯ ಹಾಸಿಗೆ ನೆಲದ ತೇವವನ್ನು ಹೀರುತ್ತದೆ. ಕೆಳಗೆ ದಪ್ಪನಾದ ಚಾಪೆಯಿರಲಿ, ವಾರಕ್ಕೊಮ್ಮೆ ತಾರಸಿಯ ಬಿಸಿಲು ಕಾಣಲಿ. ಮಡಿಸಿ ಮೂಲೆಯಲ್ಲಿ ತಿಂಗಳುಗಟ್ಟಲೆ ಒತ್ತಿಟ್ಟರೆ ಮುಗ್ಗಲು ಬರುವುದು ಖಂಡಿತ.

ಅಡುಗೆಮನೆಯ ಬಗ್ಗೆ ಬಹಳ ಹೇಳುವುದಿಲ್ಲ. ಅಲ್ಲಿ ನಿಲ್ಲುವವರಿಗೆ ನನಗಿಂತ ಹೆಚ್ಚು ಗೊತ್ತು. ದಿನಾ ಬೇಕಾದದ್ದು ಸೊಂಟದಿಂದ ಕಣ್ಣಿನ ಮಟ್ಟದೊಳಗಿರಲಿ, ಹಬ್ಬದ ಪಾತ್ರೆ ಅಟ್ಟಕ್ಕೇರಲಿ. ಒಲೆಯ ಕಟ್ಟೆಯ ಎತ್ತರವನ್ನು ಗಾರೆಯವರ ಇಷ್ಟಕ್ಕೆ ಬಿಡಬೇಡಿ. ಅಡುಗೆ ಮಾಡುವವರ ಮೊಣಕೈಗಿಂತ ಮೂರು ನಾಲ್ಕು ಅಂಗುಲ ಕೆಳಗಿದ್ದರೆ ಬೆನ್ನಿಗೆ ಹಿತ. ಗಾರೆ ಕೆಲಸದವರು ಸಾಮಾನ್ಯವಾಗಿ ತಮ್ಮ ಮೊಣಕೈಯನ್ನೇ ಅಳತೆಯಾಗಿ ಇಟ್ಟುಕೊಂಡಿರುತ್ತಾರೆ.

ಬೆಳಕು ಕಡಿಮೆಯಾದರೆ ದೊಡ್ಡ ಕೋಣೆಯೂ ಚಿಕ್ಕದಾಗಿ ಕಾಣುತ್ತದೆ. ೧೯೭೦ರಲ್ಲಿ ಮೊದಲು ಹೊರಬಂದ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯು ಕಿಟಕಿಗಳ ತೆರಪು ಕೋಣೆಯ ನೆಲದ ಇಂತಿಷ್ಟು ಪಾಲಿರಬೇಕೆಂದು ಹವೆಗೆ ತಕ್ಕಂತೆ ಗೊತ್ತುಮಾಡಿದೆ: ಒಣಸೆಕೆಯ ಸೀಮೆಗೆ ಹತ್ತರಲ್ಲಿ ಒಂದು, ಕರಾವಳಿಯಂಥ ಜಿಗುಟುಸೆಕೆಯ ಸೀಮೆಗೆ ಆರರಲ್ಲಿ ಒಂದು. ಇದ್ದ ಕಿಟಕಿಯ ಅರ್ಧಕ್ಕೆ ಬೀರುವನ್ನು ಅಡ್ಡ ನಿಲ್ಲಿಸಿ, ಉಳಿದರ್ಧಕ್ಕೆ ದಪ್ಪನೆಯ ಪರದೆ ಬಿಟ್ಟು, ಹಗಲು ಹನ್ನೆರಡಕ್ಕೆ ದೀಪ ಹಾಕುವ ಮನೆಗಳಿವೆ. ಬೀರುವನ್ನು ಕಿಟಕಿಯಿಲ್ಲದ ಗೋಡೆಗೆ ಸಾಗಿಸಿ. ಮರೆ ಬೇಕಾದದ್ದು ಕಿಟಕಿಯ ಕೆಳಭಾಗಕ್ಕೆ ತಾನೆ? ಅರ್ಧ ಪರದೆ ಸಾಕು, ಮೇಲಿನ ಅರ್ಧದಿಂದ ಆಕಾಶ ಕಾಣಲಿ. ಸೂರಿಗೆ ಬಿಳಿಯ ಸುಣ್ಣ, ಕಿಟಕಿಗೆ ಎದುರಾದ ಗೋಡೆಗೆ ತಿಳಿಯಾದ ಬಣ್ಣ. ಒಳಬಂದ ಬೆಳಕನ್ನು ಅವು ಕೋಣೆಯ ಮೂಲೆಗೆ ಮುಟ್ಟಿಸುತ್ತವೆ. ಹೆಂಚಿನ ಮನೆಯಾದರೆ ಎರಡು ಗಾಜಿನ ಹೆಂಚು ಹಾಕಿಸಿ. ಇಷ್ಟು ಅಗ್ಗವಾದ ದೀಪ ಬೇರೊಂದಿಲ್ಲ.

ಕೊನೆಗೆ ಅಲಂಕಾರ. ಗಾಜಿನ ಷೋಕೇಸಿನಲ್ಲಿ ಸ್ಪರ್ಧೆಯ ಕಪ್ಪುಗಳು, ತಾಜಮಹಲು, ತಿರುಪತಿಯಿಂದ ತಂದದ್ದು, ಮದುವೆಯಲ್ಲಿ ಬಂದದ್ದು ಎಲ್ಲ ಒಟ್ಟಿಗೆ ಧೂಳು ಹಿಡಿಯುತ್ತ ನಿಲ್ಲುವುದನ್ನು ನಾನು ಅಲಂಕಾರವೆನ್ನಲಾರೆ. ಚಿಕ್ಕ ಮನೆಗೆ ಒಪ್ಪುವ ಚೆಲುವು, ಜಾಗ ಬೇಡದ ಚೆಲುವು. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೀವು ನೋಡಿರಬಹುದು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಗೋಡೆಯೇ ಚಿತ್ರವಾಗುತ್ತದೆ. ಬಳಸುವ ವಸ್ತುವೇ ಅಂದವಾಗಿದ್ದರೆ ಅಂದಕ್ಕೆಂದು ಬೇರೆ ವಸ್ತು ಬೇಕಿಲ್ಲ. ದಿವಾನದ ಮೇಲೆ ನವಲಗುಂದದ ಜಮಖಾನವೊ, ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿಯೊ ಇದ್ದರೆ ಹಜಾರ ತುಂಬಿತು. ಒಂದು ಗೋಡೆಗೆ ಒಂದೇ ಪಟ; ಬೇಸರವಾದರೆ ಬದಲಾಯಿಸಿ. ಬಾಗಿಲ ಮುಂದಿನ ರಂಗೋಲಿಯಂತೂ ದಿನವೂ ಹೊಸದು, ಕೂಡಿಡಬೇಕಾದದ್ದೇ ಇಲ್ಲ.

ನವರಾತ್ರಿ ಬರಲಿ, ಈ ಮನೆಯಲ್ಲಿಯೂ ಬೊಂಬೆ ಕೂರಿಸಲು ಅಡ್ಡಿಯಿಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಆ ಪೆಟ್ಟಿಗೆಗಳನ್ನೇ ಮೆಟ್ಟಲಾಗಿ ಜೋಡಿಸಿ, ಮೇಲೆ ಬಿಳಿಯ ಪಂಚೆ ಹಾಸಿದರೆ ಹಜಾರದ ಒಂದು ಮೂಲೆ ಅರಮನೆಯಾಗುತ್ತದೆ. ಒಂಬತ್ತು ದಿನ ಆರತಿ, ಚರುಪು, ನೆರೆಹೊರೆಯ ಮಕ್ಕಳು. ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿ, ಮಾರನೆಯ ದಿನ ಒಂದೊಂದನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದರೆ, ಸಂಜೆಯ ಹೊತ್ತಿಗೆ ಮೂಲೆ ಬರಿದು. ಆ ರಾತ್ರಿ ಅಲ್ಲಿ ಮತ್ತೆ ಹುಡುಗನ ಹಾಸಿಗೆ.